ಕುಕ್ಕರಿನಲ್ಲಿ ಗ್ಲುಟೆನ್ ಇಲ್ಲದ ಕ್ರೀಮಿ ಪಾಸ್ತಾ: ಗಂಜಿಯಾಗದಂತೆ, ತಳ ಹಿಡಿಯದಂತೆ ಮಾಡುವ ಕ್ರಮ

ಈ ಪಾಸ್ತಾ ಬಗ್ಗೆ ಹಿಂದೊಮ್ಮೆ ನಾಲ್ಕು ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ತಪ್ಪು ನನ್ನದೇ. ಓದಿ ಮಾಡಿ ನೋಡಿದವರು ತಿರುಗಿ ಹೇಳಿದ್ದು ಮೂರೇ ಮಾತು. ಗಂಜಿ ಆಯ್ತು. ತಳ ಹಿಡೀತು. ವಿಷಲ್‌ನಿಂದ ಬಿಳಿ ನೀರು ಚಿಮ್ಮಿ ಗೋಡೆಯೆಲ್ಲ ಹಾಳಾಯ್ತು. ಚಿಕ್ಕಮಗಳೂರಿನ ಸುತ್ತ ಹೋಂಸ್ಟೇ ನಡೆಸುವ ಪರಿಚಯದವರಂತೂ ಶನಿವಾರ ಬಂತೆಂದರೆ ಫೋನ್ ಮಾಡುತ್ತಾರೆ. ಬಂದಿರುವವರ ಮಗುವಿಗೆ ಗೋಧಿ ಆಗಲ್ಲವಂತೆ, ಪಾಸ್ತಾನೇ ಬೇಕು ಅಂತ ಹಟ, ಕುಕ್ಕರ್ ಎಷ್ಟು ಕೂಗು ಕೂಗಿಸಲಿ?

ಎಡವಟ್ಟು ಇರುವುದು ಆ ಪ್ರಶ್ನೆಯಲ್ಲೇ. ಬೇಳೆಗೆ ಕೂಗು ಎಣಿಸಿದರೆ ನಡೆಯುತ್ತದೆ. ಒಂದು ಕೂಗು ಹೆಚ್ಚಾದರೂ ಸಾರಿಗೆ ಏನೂ ಆಗಲ್ಲ. ಈ ಪಾಸ್ತಾಗೆ ಒಂದು ಕೂಗು ಹೆಚ್ಚಾದರೆ ಮುದ್ದೆ. ಇದಕ್ಕೆ ಗಡಿಯಾರ ನೋಡಬೇಕು, ನೀರು ಅಳೆಯಬೇಕು, ಒಲೆ ಆರಿಸಿದ ಮೇಲೆ ಕುಕ್ಕರನ್ನು ಬೇಗ ತಣಿಸಬೇಕು. ಹಾಲು, ಕ್ರೀಮ್, ಚೀಸ್ ಮುಚ್ಚಳ ತೆಗೆಯುವವರೆಗೆ ಹತ್ತಿರವೂ ಬರಬಾರದು.

ಗೋಧಿ ಪಾಸ್ತಾಗೂ ಇದಕ್ಕೂ ಏನು ವ್ಯತ್ಯಾಸ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳುವುದೇ ಬೇಡ. ಚಪಾತಿ ಹಿಟ್ಟು ಎಳೆದರೆ ಹಿಗ್ಗುತ್ತದೆ. ಅಕ್ಕಿ ರೊಟ್ಟಿ ಹಿಟ್ಟು ಎಳೆದರೆ ತುಂಡಾಗುತ್ತದೆ. ಅದಕ್ಕೇ ತಾನೇ ನಾವು ಬಿಸಿನೀರಿನಲ್ಲಿ ಹಿಟ್ಟು ಉಕ್ಕರಿಸುವುದು, ಇಲ್ಲ ಒಂದು ಹಿಡಿ ಅನ್ನ ಕಲಸುವುದು? ಗೋಧಿಯ ಆ ಜಿಗುಟೇ ಗ್ಲುಟೆನ್. ಅದು ಬಲೆಯ ಹಾಗೆ ಪಿಷ್ಟವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಿ, ಜೋಳದ ಪಾಸ್ತಾದಲ್ಲಿ ಆ ಬಲೆ ಇಲ್ಲ. ಬೆಂದ ಹಾಗೆಲ್ಲ ಪಿಷ್ಟ ನೀರಿಗೆ ಬಿಡುತ್ತಾ ಹೋಗುತ್ತದೆ. ನೀರು ಗಂಜಿಯಾಗುತ್ತದೆ, ನೊರೆ ಏಳುತ್ತದೆ, ತುಂಡುಗಳು ಅಂಟಿಕೊಳ್ಳುತ್ತವೆ. ಮೇಲೆ ಹೇಳಿದ ಮೂರೂ ದೂರಿನ ಬೇರು ಇಷ್ಟೇ. ಅದೇ ಗಂಜಿಯನ್ನು ಹದವಾಗಿ ಉಳಿಸಿಕೊಂಡರೆ ಸಾಸ್ ದಪ್ಪವಾಗಲು ಮೈದಾ ಬೇಕಾಗಲ್ಲ.

ಹಂತ 1: ಪ್ಯಾಕೆಟ್ ಹಿಂದೆ ತಿರುಗಿಸಿ

ಒಲೆ ಹಚ್ಚುವ ಮೊದಲಿನ ಕೆಲಸ ಇದು. ನನ್ನ ಅಕ್ಕನ ಮಗನಿಗೆ ಸೀಲಿಯಾಕ್, ಅಂದರೆ ಗ್ಲುಟೆನ್ ತಿಂದರೆ ಕರುಳು ಹಾಳಾಗುವ ಕಾಯಿಲೆ, ಇದೆ ಎಂದು ಗೊತ್ತಾದ ಹೊಸದರಲ್ಲಿ, ಒಂದು ಅಂಗಡಿಯಲ್ಲಿ ಕೇಳಿ ಕೇಳಿ ಸಿರಿಧಾನ್ಯದ ಪಾಸ್ತಾ ತಂದಿದ್ದೆ. ಮುಂದುಗಡೆ ರಾಗಿ ತೆನೆಯ ಚಿತ್ರ. ಮನೆಗೆ ಬಂದು ಹಿಂದುಗಡೆ ಓದಿದರೆ ಮೊದಲ ಪದಾರ್ಥವೇ ಗೋಧಿ ರವೆ, ರಾಗಿ ಅದರ ನಂತರ. ಪ್ಯಾಕೆಟ್ ಒಡೆದಿರಲಿಲ್ಲ, ಪುಣ್ಯ.

ರಾಗಿ, ಜೋಳ, ಸಜ್ಜೆ, ನವಣೆಯಲ್ಲಿ ಗ್ಲುಟೆನ್ ಇಲ್ಲ, ನಿಜ. ಆದರೆ ‘ರಾಗಿ ಪಾಸ್ತಾ’ ಎಂಬ ಹೆಸರಿನಲ್ಲಿ ಗೋಧಿ ಇರಬಹುದು. ಸೆಮೊಲಿನಾ, ಸೂಜಿ (ರವೆ), ಡ್ಯೂರಮ್, ಮೈದಾ ಎಂದು ಎಲ್ಲಿ ಕಂಡರೂ ಅದು ಗೋಧಿಯೇ. ಬಾರ್ಲಿ, ರೈ ಕೂಡ ಆಗದು. ‘ಗ್ಲುಟೆನ್ ಮುಕ್ತ’ ಎಂದು ಮುದ್ರಿಸಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಸೀಲಿಯಾಕ್ ಇರುವವರಿಗೆ ಮಾಡುವುದಾದರೆ ಆ ಮುದ್ರೆ ಇರುವುದನ್ನೇ ತನ್ನಿ.

ಆಕಾರದ ವಿಷಯ. ಪೆನ್ನೆ ಅಥವಾ ದಪ್ಪ ಮ್ಯಾಕರೋನಿ ತೆಗೆದುಕೊಳ್ಳಿ. ಸುರುಳಿ ಪಾಸ್ತಾದ ಅಂಚು ಮುರಿಯುತ್ತದೆ. ಉದ್ದ ಸ್ಪಗೆಟ್ಟಿ ಕುಕ್ಕರಿನಲ್ಲಿ ಒಂದಕ್ಕೊಂದು ಅಂಟಿ ಹೊರೆಯಾಗುತ್ತದೆ, ಒತ್ತಿದ ಶಾವಿಗೆಯನ್ನು ಬಿಸಿಯಲ್ಲೇ ಗುಡ್ಡೆ ಹಾಕಿಟ್ಟರೆ ಆಗುತ್ತದಲ್ಲ, ಹಾಗೆ. ಚಿಪ್ಪಿನ ಆಕಾರದ್ದು ಒಂದರೊಳಗೊಂದು ಕೂತು ನಡುವೆ ಹಸಿ ಉಳಿಯುತ್ತದೆ. ಮಳೆಗಾಲದಲ್ಲಿ ಒಡೆದ ಪ್ಯಾಕೆಟ್ಟನ್ನು ಬಿಗಿ ಡಬ್ಬಿಗೆ ಹಾಕಿ. ಜುಲೈ ತಿಂಗಳ ಥಂಡಿಗೆ ಮೆತ್ತಗಾಗಿ ಮುಗ್ಗಲು ವಾಸನೆ ಬರುತ್ತದೆ.

ಹಂತ 2: ಕುಕ್ಕರ್ ಮತ್ತು ಉಳಿದ ಸಾಮಾನು

ಇಲ್ಲಿ ಹೇಳುವ ಅಳತೆ, ಸಮಯ ಎಲ್ಲ ಒಲೆಯ ಮೇಲಿಡುವ ಮಾಮೂಲಿ ಕುಕ್ಕರಿಗೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಅಡುಗೆ ಶುರು ಮಾಡಲು ನನಗಂತೂ ಧೈರ್ಯವಿಲ್ಲ.

250 ಗ್ರಾಂ ಪಾಸ್ತಾಗೆ 5 ಲೀಟರಿನ ಕುಕ್ಕರ್ ಬೇಕು. 3 ಲೀಟರಿನದ್ದೇ ಇರುವುದಾದರೆ ಅರ್ಧ ಅಳತೆ ಮಾಡಿ. ನೀರು, ಪಾಸ್ತಾ, ತರಕಾರಿ ಎಲ್ಲ ಸೇರಿ ಕುಕ್ಕರಿನ ಮೂರನೇ ಒಂದು ಭಾಗ ದಾಟದಿದ್ದರೆ ನೆಮ್ಮದಿ. ಅರ್ಧ ದಾಟಿದರೆ ನೊರೆ ಉಕ್ಕಿ ಹಬೆ ಹೋಗುವ ತೂತಿಗೆ ಬರುತ್ತದೆ. ಗೋಡೆಗೆ ಚಿಮ್ಮಿದ್ದು ಅದೇ. ಚಿಮ್ಮಿದರೆ ಒರೆಸಬಹುದು. ತೂತು ಕಟ್ಟಿಕೊಂಡರೆ ಅಪಾಯ.

ಆದ್ದರಿಂದ ಪ್ರತಿಸಲವೂ ಮುಚ್ಚಳ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ವಿಷಲ್ ಕೂರುವ ಕೊಳವೆಯೊಳಗೆ ನೋಡಿ. ಬೆಳಕು ಆಚೆಯಿಂದ ಕಾಣಬೇಕು. ಬೆಳಿಗ್ಗೆ ಬೇಯಿಸಿದ ಬೇಳೆಯ ಸಿಪ್ಪೆ ಕೂತಿದ್ದರೆ ಸೂಜಿಯಿಂದ ತೆಗೆಯಿರಿ. ರಬ್ಬರ್ ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ ಬದಲಾಯಿಸಿ. ಸೇಫ್ಟಿ ವಾಲ್ವ್‌ಗೆ ಕಂಪನಿಯದೇ ಬಿಡಿಭಾಗ ಹಾಕಿಸಿ.

ಬೇರೆ ಬೇಕಾಗುವುದು: ಅಳತೆ ಲೋಟ, ಮೊಬೈಲಿನ ಟೈಮರ್, ಚಪ್ಪಟೆ ತುದಿಯ ಸ್ಟೀಲ್ ಸೌಟು, ಕುಕ್ಕರ್ ಕೂರುವಷ್ಟು ಅಗಲದ ಟಬ್ಬು, ಅದರಲ್ಲಿ ಎರಡು ಮೂರು ಇಂಚು ತಣ್ಣೀರು. ಟಬ್ಬನ್ನು ಮೊದಲೇ ಸಿಂಕಿನ ಪಕ್ಕ ಇಟ್ಟುಕೊಳ್ಳಿ. ಒಲೆ ಆರಿಸಿದ ಮೇಲೆ ಹುಡುಕಲು ಹೋದರೆ ಆ ಎರಡು ನಿಮಿಷದಲ್ಲೇ ಪಾಸ್ತಾ ಕೆಡುತ್ತದೆ.

ಹಂತ 3: ಅಳತೆ

ಮೂರು ಜನಕ್ಕೆ, ಹೊಟ್ಟೆ ತುಂಬ:

ಅಕ್ಕಿ ಅಥವಾ ಅಕ್ಕಿ–ಮೆಕ್ಕೆಜೋಳದ ಪೆನ್ನೆ 250 ಗ್ರಾಂ. ಬಿಸಿನೀರು 600 ಮಿಲಿ. ಎಣ್ಣೆ ಒಂದು ದೊಡ್ಡ ಚಮಚ, ಬೆಣ್ಣೆ ಒಂದು ದೊಡ್ಡ ಚಮಚ. ಈರುಳ್ಳಿ ಒಂದು, ಬೆಳ್ಳುಳ್ಳಿ ಏಳೆಂಟು ಎಸಳು. ಕ್ಯಾರೆಟ್, ಬೀನ್ಸ್ ಸೇರಿ ಒಂದು ಬಟ್ಟಲು. ಉಪ್ಪು ಒಂದು ಟೀ ಚಮಚ, ತಲೆ ಸವರಿ. ಹಾಲು 100 ಮಿಲಿ, ಫ್ರೆಶ್ ಕ್ರೀಮ್ 100 ಮಿಲಿ, ತುರಿದ ಚೀಸ್ 50 ಗ್ರಾಂ. ಆಗತಾನೆ ಕುಟ್ಟಿದ ಕರಿಮೆಣಸು ಒಂದು ಟೀ ಚಮಚ. ಜಾಯಿಕಾಯಿ ಇದ್ದರೆ ಎರಡು ಸಲ ತುರಿದಷ್ಟು.

ಮೆಣಸಿನ ವಿಷಯದಲ್ಲಿ ಮಾತ್ರ ನನ್ನದು ಹಟ. ಕಾಫಿ ತೋಟದ ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಕೀಳುವ ಊರಿನಲ್ಲಿದ್ದು ಡಬ್ಬಿಯ ಪುಡಿ ಹಾಕಬೇಡಿ. ಒರಳಿನಲ್ಲಿ ತರಿತರಿಯಾಗಿ ಕುಟ್ಟಿ.

ಉಪ್ಪು ಕಡಿಮೆ ಅನಿಸಬಹುದು. ತೆರೆದ ಪಾತ್ರೆಯಲ್ಲಿ ಪಾಸ್ತಾ ಬೇಯಿಸಿದಾಗ ಉಪ್ಪುನೀರು ಬಸಿದು ಹೋಗುತ್ತದೆ. ಇಲ್ಲಿ ಬಸಿಯುವುದೇ ಇಲ್ಲ, ಹಾಕಿದ್ದೆಲ್ಲ ಉಳಿಯುತ್ತದೆ. ಚೀಸ್‌ನಲ್ಲಿ ಬೇರೆ ಉಪ್ಪಿದೆ.

ಹಾಲು ಆಗದವರಿಗೆ 15 ಗೋಡಂಬಿಯನ್ನು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಕಾಲು ಲೋಟ ನೀರು ಹಾಕಿ ಬೆಣ್ಣೆಯ ಹಾಗೆ ರುಬ್ಬಿ. ಆಗ ಬೆಣ್ಣೆ, ಹಾಲು, ಕ್ರೀಮ್, ಚೀಸ್ ಯಾವುದೂ ಬೇಡ. ಹೊಸದಾಗಿ ಸೀಲಿಯಾಕ್ ಪತ್ತೆಯಾದವರಲ್ಲಿ ಕೆಲವರಿಗೆ ಕರುಳು ಚೇತರಿಸಿಕೊಳ್ಳುವವರೆಗೆ ಹಾಲೂ ಆಗಿಬರುವುದಿಲ್ಲ. ನಮ್ಮ ಅಕ್ಕನ ಮಗನಿಗೆ ಮೊದಲ ಕೆಲವು ತಿಂಗಳು ಈ ಗೋಡಂಬಿಯದ್ದೇ.

ಹಂತ 4: ಒಗ್ಗರಣೆಯಲ್ಲಿ ತಳ ಉಳಿಸಿಕೊಳ್ಳುವುದು

ಕುಕ್ಕರಿನಲ್ಲೇ ಎಣ್ಣೆ ಕಾಯಿಸಿ ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ. ಈರುಳ್ಳಿ ಕನ್ನಡಿಯಂತಾದರೆ ಸಾಕು, ಕೆಂಪಾಗುವುದು ಬೇಡ. ಕ್ಯಾರೆಟ್, ಬೀನ್ಸನ್ನು ಬೆರಳಿನ ಗಾತ್ರಕ್ಕೆ ದೊಡ್ಡದಾಗಿ ಹೆಚ್ಚಿ ಹಾಕಿ. ಸಣ್ಣಗೆ ಹೆಚ್ಚಿದರೆ ಕರಗಿಯೇ ಹೋಗುತ್ತವೆ. ಅಣಬೆ ಹಾಕುವುದಾದರೆ ಈಗಲೇ ಹಾಕಿ ನೀರು ಇಂಗುವವರೆಗೆ ಹುರಿಯಿರಿ. ದೊಣ್ಣೆಮೆಣಸಿನಕಾಯಿ, ಬೇಯಿಸಿದ ಮೆಕ್ಕೆಜೋಳದ ಕಾಳು ಹಾಕುವುದಾದರೆ ಕೊನೆಗೆ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ. ಅರ್ಧ ಲೋಟ ಬಿಸಿನೀರು ಸುರಿದು ಸೌಟಿನಿಂದ ತಳವನ್ನು ಚೆನ್ನಾಗಿ ಕೆರೆಯಿರಿ. ಅಂಟಿದ ಈರುಳ್ಳಿಯ ಕಂದು ಕಲೆ ಪೂರ್ತಿ ಬಿಡಬೇಕು. ಆ ಕಲೆಯ ಮೇಲೆ ಗಂಜಿ ಬಂದು ಕೂತರೆ ತಳ ಹಿಡಿಯಿತೆಂದೇ ಲೆಕ್ಕ.

ಟೊಮೆಟೊ ಬೇಡವೇ ಎಂದು ಕೇಳುತ್ತಾರೆ. ಈ ಬಿಳಿ ಪಾಸ್ತಾಗೆ ಬೇಡ. ಹುಳಿ ಇದ್ದರೆ ಕೊನೆಗೆ ಹಾಕುವ ಹಾಲು ಒಡೆಯುತ್ತದೆ. ಹಾಕಲೇಬೇಕೆಂದರೆ ಹಾಲು ಬಿಟ್ಟು ಬರೀ ಕ್ರೀಮ್ ಹಾಕಿ. ಅದರಲ್ಲಿ ಕೊಬ್ಬು ಜಾಸ್ತಿ, ಸುಲಭಕ್ಕೆ ಒಡೆಯಲ್ಲ.

ಹಂತ 5: ಹಾಸುವುದು, ಕಲಕದಿರುವುದು

ಉಳಿದ ಬಿಸಿನೀರು, ಉಪ್ಪು, ಬೆಣ್ಣೆ ಹಾಕಿ. ಬೆಣ್ಣೆ ರುಚಿಗೆ ಮಾತ್ರವಲ್ಲ. ಮೇಲೆ ಜಿಡ್ಡು ತೇಲಿದರೆ ನೊರೆ ಅಷ್ಟಾಗಿ ಏಳುವುದಿಲ್ಲ. ನೀರು ಕುದಿ ಬಂದ ಮೇಲೆ ಪಾಸ್ತಾವನ್ನು ಸಮನಾಗಿ ಉದುರಿಸಿ. ಸೌಟಿನ ಬೆನ್ನಿನಿಂದ ಮೆಲ್ಲಗೆ ಒತ್ತಿ. ನೀರು ಪಾಸ್ತಾದ ತಲೆಯ ಮಟ್ಟಕ್ಕೆ ಬಂದರೆ ಸರಿ. ಮೇಲೆ ಒಂದೆರಡು ತುಂಡು ಇಣುಕಿದರೂ ತೊಂದರೆ ಇಲ್ಲ, ಹಬೆಯಲ್ಲಿ ಬೇಯುತ್ತವೆ.

ಕಲಕಬೇಡಿ. ಕೈ ಸುಮ್ನೆ ಇರಲ್ಲ, ಗೊತ್ತು. ಕಲಕಿದರೆ ತುಂಡುಗಳು ತಳಕ್ಕೆ ಇಳಿದು ಅಲ್ಲೇ ಅಂಟುತ್ತವೆ.

ತಣ್ಣೀರು ಹಾಕುವುದೂ ತಪ್ಪೇ. ತಣ್ಣೀರು ಕಾದು ಹಬೆ ಏಳಲು ಏಳೆಂಟು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಪಾಸ್ತಾ ಉಗುರುಬೆಚ್ಚಗಿನ ನೀರಿನಲ್ಲಿ ನೆನೆದು ಹೊರಮೈ ಕರಗಿರುತ್ತದೆ. ಟೈಮರ್ ಹಾಕುವ ಮೊದಲೇ ಅರ್ಧ ಕೆಟ್ಟಿರುತ್ತದೆ.

ಹಂತ 6: ಒತ್ತಡ

ಮುಚ್ಚಳ ಹಾಕಿ. ಉರಿ ಜೋರಾಗಿರಲಿ. ವಿಷಲ್ ಬೇರೆಯಾಗಿ ಕೂರಿಸುವ ಕುಕ್ಕರಾದರೆ ಕೊಳವೆಯಿಂದ ಹಬೆ ನೇರವಾಗಿ, ಬಿಡದೆ ಬರುವವರೆಗೆ ಕಾದು ಆಮೇಲೆ ಕೂರಿಸಿ. ವಿಷಲ್ ಮೊದಲ ಸಲ ಅಲುಗಾಡಿ ಉಸ್ ಎಂದ ಕೂಡಲೇ ಉರಿ ಸಿಮ್‌ಗೆ ಇಳಿಸಿ. ಟೈಮರ್ ಒತ್ತುವುದು ಈಗ.

ಪ್ಯಾಕೆಟ್ ಮೇಲೆ 8ರಿಂದ 10 ನಿಮಿಷ ಎಂದು ಬರೆದಿದ್ದರೆ 2 ನಿಮಿಷ. 6–7 ಎಂದಿದ್ದರೆ 1 ನಿಮಿಷ. ಕಡಲೆ ಹಿಟ್ಟು, ಬೇಳೆ ಹಿಟ್ಟಿನ ಪಾಸ್ತಾ ಆದರೆ ಉಸ್ ಎಂದ ತಕ್ಷಣ ಆರಿಸಿ. ಇದು ನನ್ನ ಒಲೆ, ನನ್ನ ಕುಕ್ಕರಿನ ಲೆಕ್ಕ. ಹೊಸ ಬ್ರಾಂಡ್ ತಂದಾಗ ಮೊದಲ ಸಲ 100 ಗ್ರಾಂ ಮಾತ್ರ ಮಾಡಿ ನೋಡಿ. ಅತಿಥಿಗಳು ಟೇಬಲ್ ಮೇಲೆ ಕೂತಿರುವಾಗ ಪರೀಕ್ಷೆ ಬೇಡ.

ಇಷ್ಟು ಕಡಿಮೆ ಸಮಯ ಸಾಕೇ? ಸಾಕು. ಪೂರ್ತಿ ಒತ್ತಡದಲ್ಲಿ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100ಕ್ಕೆ ಬರುವ ಮೊದಲೇ, 96–97 ಡಿಗ್ರಿಗೇ ಕುದಿಯುತ್ತದೆ. ಹಾಸನದಲ್ಲೂ ಹೆಚ್ಚುಕಡಿಮೆ ಅಷ್ಟೇ. ಗಿರಿಯ ಮೇಲಿನ ತೋಟದ ಮನೆಗಳಲ್ಲಿ ಇನ್ನೂ ಕಡಿಮೆ. ‘ಪ್ಯಾಕೆಟ್ಟಿನಲ್ಲಿ ಹೇಳಿದಷ್ಟೇ ಕುದಿಸಿದೆ, ನಡುವೆ ಹಸಿ ಉಳೀತು, ಇನ್ನಷ್ಟು ಕುದಿಸಿದರೆ ಹೊರಗೆ ಕರಗಿತು’ ಎನ್ನುವವರ ತೊಂದರೆಗೆ ಇದೂ ಒಂದು ಕಾರಣ. ಕುಕ್ಕರ್ ಮುಚ್ಚಿದರೆ ಊರಿನ ಎತ್ತರ ಅಷ್ಟಾಗಿ ಕಾಡುವುದಿಲ್ಲ.

ಈ ಎರಡು ನಿಮಿಷ ಒಲೆ ಬಿಟ್ಟು ಕದಲಬೇಡಿ. ಕಣ್ಣಿಡಬೇಕಾದ ಸೂಚನೆಗಳು ಇವು. ಗ್ಯಾಸ್ಕೆಟ್ ಬದಿಯಿಂದ ಹಬೆ ಸೋರುತ್ತಿದ್ದರೆ ಒತ್ತಡ ಏರುವುದಿಲ್ಲ, ನೀರು ಮಾತ್ರ ಇಂಗುತ್ತದೆ. ಆರಿಸಿ, ತಣಿದ ಮೇಲೆ ಮುಚ್ಚಳ ಸರಿಯಾಗಿ ಹಾಕಿ. ವಿಷಲ್ ಸುತ್ತ ಬಿಳಿ ನೊರೆ ಗುಳ್ಳೆ ಗುಳ್ಳೆಯಾಗಿ ಬಂದರೆ ಕುಕ್ಕರ್ ತುಂಬಿದ್ದು ಹೆಚ್ಚಾಗಿದೆ ಅಥವಾ ಉರಿ ಜಾಸ್ತಿಯಾಗಿದೆ. ಆಗಲೂ ಆರಿಸಿ. ಐದಾರು ನಿಮಿಷವಾದರೂ ಹಬೆಯೇ ಬರಲಿಲ್ಲ, ವಿಷಲ್ ಅಲುಗಲಿಲ್ಲ, ಬದಿಯಲ್ಲೂ ಸೋರಿಕೆ ಇಲ್ಲ ಎಂದರೆ ಕೊಳವೆ ಕಟ್ಟಿದೆ ಎಂದೇ ತಿಳಿಯಿರಿ. ಒಲೆ ಆರಿಸಿ ದೂರ ಸರಿಯಿರಿ. ತಾನಾಗಿ ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬೇಡಿ. ಸೀದ ವಾಸನೆ ಮೂಗಿಗೆ ಬಡಿದರೂ ಇನ್ನೊಂದು ನಿಮಿಷ ನೋಡೋಣ ಎನ್ನಬೇಡಿ.

ಹಂತ 7: ಬೇಗ ತಣಿಸುವುದು

ಅನ್ನದ ಹಾಗೆ ‘ಹಬೆ ತಾನಾಗಿ ಇಳಿಯಲಿ’ ಎಂದು ಬಿಟ್ಟರೆ ಒಳಗೆ ಇನ್ನೂ ಹತ್ತು ನಿಮಿಷ ಬೇಯುತ್ತಲೇ ಇರುತ್ತದೆ. ಗಂಜಿ ಆಗುವುದು ಈ ಹತ್ತು ನಿಮಿಷದಲ್ಲಿ, ಒಲೆಯ ಮೇಲಲ್ಲ. ನನಗೆ ಇದು ಹೊಳೆಯಲು ನಾಲ್ಕು ಪ್ಯಾಕೆಟ್ ಹಾಳಾದವು.

ಹಾಗೆಂದು ವಿಷಲ್ ಎತ್ತಿ ಒಮ್ಮೆಗೇ ಹಬೆ ಬಿಡಬೇಡಿ. ಬರುವುದು ಬರೀ ಹಬೆಯಲ್ಲ, ಕುದಿಯುವ ಗಂಜಿ. ಮುಖಕ್ಕೆ, ಕೈಗೆ ಸಿಡಿದರೆ ಅಂಟಿಕೊಂಡು ಸುಡುತ್ತದೆ.

ಬಟ್ಟೆ ಹಿಡಿದು ಎರಡೂ ಕೈಯಿಂದ ಕುಕ್ಕರನ್ನು ಅಲುಗಾಡಿಸದೆ ಎತ್ತಿ ಟಬ್ಬಿನ ತಣ್ಣೀರಿನಲ್ಲಿ ಇಡಿ. ನೀರು ಚುಂಯ್ ಎನ್ನುತ್ತದೆ. ಒಂದೂವರೆ ಎರಡು ನಿಮಿಷ ಹಾಗೇ ಇರಲಿ. ವಿಷಲ್ ಮೇಲೆ ನೀರು ಬೀಳಬಾರದು. ಆಮೇಲೆ ಉದ್ದ ಚಮಚದ ತುದಿಯಿಂದ ವಿಷಲ್ಲನ್ನು ಕೂದಲೆಳೆಯಷ್ಟು ಎತ್ತಿ ನೋಡಿ. ಸದ್ದಿಲ್ಲದಿದ್ದರೆ ಮುಚ್ಚಳ ತೆಗೆಯಬಹುದು. ಹಿಡಿ ಬಿಗಿಯಾಗಿದ್ದರೆ ಒಳಗೆ ಒತ್ತಡ ಉಳಿದಿದೆ. ಬಲ ಹಾಕಬೇಡಿ, ಮತ್ತೊಂದು ನಿಮಿಷ ನೀರಿನಲ್ಲಿರಲಿ. ಎಲೆಕ್ಟ್ರಿಕ್ ಕುಕ್ಕರಿಗೆ ಈ ಉಪಾಯ ಹೇಳಿದ್ದಲ್ಲ, ಅದನ್ನು ನೀರಿಗಿಡುವ ಹಾಗೇ ಇಲ್ಲ.

ತೆರೆದಾಗ ಕಾಣುವುದು ನೋಡಿ ಗಾಬರಿಯಾಗಬೇಡಿ. ಪಾಸ್ತಾ ಅಲ್ಲಲ್ಲಿ ಅಂಟಿಕೊಂಡಿರುತ್ತದೆ, ತಳದಲ್ಲಿ ಅರ್ಧ ಲೋಟದಷ್ಟು ಮಂದ ಬಿಳಿ ನೀರು ಇರುತ್ತದೆ. ಹಾಗೇ ಇರಬೇಕು. ಚೆಲ್ಲಬೇಡಿ. ಒಂದು ತುಂಡು ತೆಗೆದು ಹಲ್ಲಿನಲ್ಲಿ ಕಚ್ಚಿ. ನಡುವೆ ತೆಳು ಬಿಳಿ ಚುಕ್ಕೆ ಕಂಡರೆ ಹದ ಸರಿ, ಮುಂದಿನ ಎರಡು ನಿಮಿಷದಲ್ಲಿ ಅದೂ ಬೇಯುತ್ತದೆ.

ಹಂತ 8: ಕ್ರೀಮಿ ಆಗುವುದು ಇಲ್ಲಿ

ಕುಕ್ಕರನ್ನು ಮತ್ತೆ ಒಲೆಗೆ ತನ್ನಿ. ಉರಿ ಸಣ್ಣಗಿರಲಿ. ಹಾಲನ್ನು ಮೊದಲೇ ಬೆಚ್ಚಗೆ ಮಾಡಿಟ್ಟುಕೊಂಡು ಸುರಿಯಿರಿ. ಈಗ ಕಲಕಬಹುದು. ಸೌಟನ್ನು ತಳದಿಂದ ಮೇಲಕ್ಕೆ, ಬಿಸಿಬೇಳೆ ಬಾತ್ ಮಗುಚುವ ಹಾಗೆ. ಅಂಟಿದ ತುಂಡುಗಳು ಒಂದೊಂದಾಗಿ ಬಿಡುತ್ತವೆ. ಎರಡು ನಿಮಿಷದಲ್ಲಿ ಆ ಬಿಳಿ ನೀರು, ಹಾಲು ಸೇರಿ ಸೌಟಿನ ಬೆನ್ನಿಗೆ ಹತ್ತುವಷ್ಟು ದಪ್ಪವಾಗುತ್ತದೆ. ದೊಣ್ಣೆಮೆಣಸು, ಜೋಳದ ಕಾಳು ಈಗ ಹಾಕಿ.

ಉರಿ ಆರಿಸಿ. ಆರಿಸಿದ ಮೇಲೆ ಕ್ರೀಮ್, ಅದು ಬೆರೆತ ಮೇಲೆ ಚೀಸ್, ಎರಡು ಮೂರು ಸಲಕ್ಕೆ ಹಂಚಿ. ಕುದಿಯುವಾಗ ಚೀಸ್ ಹಾಕಿದರೆ ಎಣ್ಣೆ ಬೇರೆ, ರಬ್ಬರ್ ಬೇರೆ ಆಗುತ್ತದೆ. ಮಾಮೂಲಿ ಚೀಸ್ ಕ್ಯೂಬ್ ಇದಕ್ಕೆ ಒಳ್ಳೆಯದು, ನಯವಾಗಿ ಕರಗುತ್ತದೆ. ಪನೀರ್ ಕರಗುವುದಿಲ್ಲ, ಅದನ್ನು ಸಾಸ್‌ಗೆಂದು ತುರಿಯಬೇಡಿ. ಗೋಡಂಬಿ ರುಬ್ಬಿದ್ದಾದರೆ ಹಾಲಿನ ಜಾಗದಲ್ಲೇ ಹಾಕಿ, ಒಂದು ಕುದಿ ಬರಲಿ. ಕೊನೆಗೆ ಮೆಣಸು, ಜಾಯಿಕಾಯಿ.

ಸಾಸ್ ಸ್ವಲ್ಪ ನೀರು ನೀರಾಗಿದೆ ಅನಿಸುವಾಗಲೇ ನಿಲ್ಲಿಸಿ. ತಟ್ಟೆಗೆ ಹೋಗುವಷ್ಟರಲ್ಲಿ ಬಿಗಿಯುತ್ತದೆ. ನಿಜಕ್ಕೂ ತೆಳ್ಳಗಿದ್ದರೆ ಒಂದು ಟೀ ಚಮಚ ಅಕ್ಕಿ ಹಿಟ್ಟನ್ನು ತಣ್ಣನೆ ಹಾಲಿನಲ್ಲಿ ಕದಡಿ, ಕ್ರೀಮ್ ಹಾಕುವ ಮೊದಲೇ ಬೆರೆಸಿ ಒಂದು ಕುದಿ ಬರಿಸಿ. ಅಭ್ಯಾಸಬಲದಿಂದ ಕೈ ಮೈದಾ ಡಬ್ಬಿಗೆ ಹೋಗುತ್ತದೆ, ಎಚ್ಚರ. ಹೋಂಸ್ಟೇ ಅಡುಗೆಮನೆಯೊಂದರಲ್ಲಿ ಗ್ಲುಟೆನ್ ಇಲ್ಲದ ದುಬಾರಿ ಪಾಸ್ತಾಗೆ ಮೈದಾ ಹುರಿದು ವೈಟ್ ಸಾಸ್ ಮಾಡಿಟ್ಟಿದ್ದನ್ನು ನಾನೇ ನೋಡಿದ್ದೇನೆ.

ಕಣ್ಣಿಗೆ ಬೀಳದ ಗೋಧಿ

ಸೀಲಿಯಾಕ್ ಇರುವವರಿಗೆ ಚೂರು ಗೋಧಿಯೂ ತೊಂದರೆಯೇ. ಅಂಗಡಿಯ ಇಂಗಿನಲ್ಲಿ ಮೈದಾ ಬೆರೆಸಿರುವುದು ಮಾಮೂಲು. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಸೂಪ್ ಕ್ಯೂಬ್, ಪಾಸ್ತಾ ಮಸಾಲೆಯ ಪುಟ್ಟ ಪ್ಯಾಕೆಟ್‌ಗಳನ್ನೂ ಓದಿಯೇ ಹಾಕಿ. ಚಪಾತಿ ಹಿಟ್ಟು ಜರಡಿ ಹಿಡಿದ ಜಾಗದಲ್ಲಿ ಈ ಅಡುಗೆ ಬೇಡ. ಮರದ ಸೌಟಿನ ಬಿರುಕಿನಲ್ಲಿ ಹಿಟ್ಟು ಕೂತಿರುತ್ತದೆ, ಅದಕ್ಕೇ ಸ್ಟೀಲ್ ಎಂದಿದ್ದು. ಗ್ಯಾಸ್ಕೆಟ್ ಬಿಚ್ಚಿ ಅದು ಕೂರುವ ಸಂದನ್ನೂ ತೊಳೆಯಿರಿ.

ಕೆಟ್ಟರೆ ಏನು ಮಾಡುವುದು

ತಳ ಹಿಡಿದಿದ್ದರೆ ಕೆರೆಯಬೇಡಿ, ಕಲಕಲೂ ಬೇಡಿ. ಮೇಲಿನದ್ದನ್ನು ಮಾತ್ರ ಬೇರೆ ಬಾಣಲೆಗೆ ತೆಗೆದುಕೊಂಡು ಅಲ್ಲೇ ಹಾಲು, ಕ್ರೀಮ್ ಹಾಕಿ. ತಳ ತೆಳುವಾದ ಕುಕ್ಕರಿನಲ್ಲಿ ಪ್ರತಿಸಲ ಹೀಗೇ ಆಗುತ್ತಿದ್ದರೆ ಅನ್ನ ಇಡುವಂತೆ ಕುಕ್ಕರಿಗೆ ಎರಡು ಲೋಟ ನೀರು ಹಾಕಿ, ಒಳಗೆ ಪಾತ್ರೆಯಲ್ಲಿ ಪಾಸ್ತಾ, ಕುದಿನೀರು ಇಟ್ಟು ಬೇಯಿಸಿ. ಒಂದೆರಡು ನಿಮಿಷ ಜಾಸ್ತಿ ಬೇಕಾಗುತ್ತದೆ, ಸೀಯುವ ಭಯ ಇರಲ್ಲ.

ಹಸಿ ಉಳಿದಿದ್ದರೆ ಮತ್ತೆ ಮುಚ್ಚಳ ಹಾಕಿ ಕೂಗಿಸಬೇಡಿ. ಅರ್ಧ ಲೋಟ ಕುದಿನೀರು ಹಾಕಿ, ತಟ್ಟೆ ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬಿಡಿ.

ಮಾಡಿದ ಹತ್ತು ನಿಮಿಷದೊಳಗೆ ಬಡಿಸಿ. ಇಟ್ಟರೆ ತಂಗಳು ಕಡುಬಿನಂತೆ ಬಿರುಸಾಗುತ್ತದೆ, ಫ್ರಿಜ್ಜಿನಲ್ಲಿಟ್ಟರಂತೂ ಪುಡಿಪುಡಿ. ಎರಡು ಚಮಚ ಬಿಸಿ ಹಾಲು ಚಿಮುಕಿಸಿ, ಮುಚ್ಚಿ ಬಿಸಿ ಮಾಡಿದರೆ ಒಂದು ಮಟ್ಟಿಗೆ ಮೆತ್ತಗಾಗುತ್ತದೆ.

ಪೂರ್ತಿ ಮುದ್ದೆಯೇ ಆದರೆ ಎರಡು ಬೇಯಿಸಿದ ಹಾಸನದ ಆಲೂಗಡ್ಡೆ ಮಸೆದು ಸೇರಿಸಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಹಾಕಿ ಕಟ್ಲೆಟ್ ತಟ್ಟಿ. ಹೊರಗೆ ಹೊರಳಿಸಲು ಬ್ರೆಡ್ ಪುಡಿ ಬೇಡ, ಅದೂ ಗೋಧಿಯೇ. ಅಕ್ಕಿ ತರಿಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಎಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಮಾಡಿ. ಕಾವಲಿ ಚಪಾತಿಯದ್ದಾಗಿರಬಾರದು, ದೋಸೆಯದ್ದಾದರೆ ಸರಿ.